ಲಿಂಕನ್‌ಗೇ ಗೊತ್ತಿರದ ಮುತ್ತಜ್ಜ

1859ರ ಡಿಸೆಂಬರ್. ಇಲಿನಾಯ್‌ನ ವಕೀಲ ಅಬ್ರಹಾಂ ಲಿಂಕನ್ ಅವರ ಹೆಸರು ಮರುವರ್ಷದ ಅಧ್ಯಕ್ಷೀಯ ಚುನಾವಣೆಗೆ ಓಡಾಡಲು ಶುರುವಾಗಿತ್ತು. ನಿಮ್ಮ ಬಗ್ಗೆ ಒಂದಿಷ್ಟು ಬರೆದುಕೊಡಿ ಅಂತ ಗೆಳೆಯ ಜೆಸ್ಸಿ ಫೆಲ್ ದುಂಬಾಲು ಬಿದ್ದಿದ್ದರು. ಲಿಂಕನ್ ಬರೆದುಕೊಟ್ಟಿದ್ದು ಇವತ್ತಿನ ಲಿಂಕ್ಡ್‌ಇನ್ ಪ್ರೊಫೈಲ್‌ಗೆ ಪೂರ್ತಿ ಉಲ್ಟಾ. ಅಪ್ಪ ಅಮ್ಮ ಇಬ್ಬರೂ ಹುಟ್ಟಿದ್ದು ವರ್ಜೀನಿಯಾದಲ್ಲಿ, ಹೇಳಿಕೊಳ್ಳುವಂಥ ಮನೆತನವೇನೂ ಅಲ್ಲ. ತಾತನ ಹೆಸರೂ ಅಬ್ರಹಾಂ ಲಿಂಕನ್. ಕೆಂಟಕಿಯ ಕಾಡು ಕಡಿದು ಹೊಲ ಮಾಡುತ್ತಿದ್ದಾಗ ಕೊಲೆಯಾದರು. ಅದಕ್ಕೂ ಹಿಂದಿನವರು ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯಿಂದ ಬಂದ ಕ್ವೇಕರ್ ಪಂಥದವರಂತೆ. ನ್ಯೂ ಇಂಗ್ಲೆಂಡ್ ಕಡೆಯ ಲಿಂಕನ್ನರ ಜೊತೆ ನಂಟು ಹುಡುಕಿದರೆ, ಎರಡೂ ಕಡೆ ಒಂದೇ ಥರದ ಹೆಸರುಗಳಿವೆ ಅನ್ನೋದು ಬಿಟ್ಟು ಬೇರೇನೂ ಸಿಗಲಿಲ್ಲ. ಅಷ್ಟೇ.

ಅವರು ಹುಡುಕಿರಲಿಲ್ಲ ಅಂತಲ್ಲ. 1848ರಲ್ಲಿ ಸಂಸತ್ ಸದಸ್ಯರಾಗಿದ್ದಾಗಲೇ ಎರಡು ದಿಕ್ಕಿಗೆ ಪತ್ರ ಬರೆದಿದ್ದರು. ಒಂದು ಮಸಾಚುಸೆಟ್ಸ್‌ನ ಹಿಂಗಮ್ ಊರಿನ ಸಾಲಮನ್ ಲಿಂಕನ್‌ಗೆ, ಇನ್ನೊಂದು ವರ್ಜೀನಿಯಾದ ಡೇವಿಡ್ ಲಿಂಕನ್‌ಗೆ. ತಾತನ ಅಪ್ಪ ಯಾರು? ಎಲ್ಲಿಂದ ಬಂದವರು? 1865ರಲ್ಲಿ ಗುಂಡೇಟಿಗೆ ಬಲಿಯಾಗುವವರೆಗೂ ಅವರಿಗೆ ಖಚಿತ ಉತ್ತರ ಸಿಗಲಿಲ್ಲ.

ಈ ಹುಡುಕಾಟದ ನಡುವೆ ನಿಂತಿರೋದು ಆ ತಾತ, ಕ್ಯಾಪ್ಟನ್ ಅಬ್ರಹಾಂ. ವರ್ಜೀನಿಯಾದ ಸ್ಥಳೀಯ ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದರು, ಆದರೆ ಬದುಕು ಬೇಸಾಯದ್ದು. 1780ರಲ್ಲಿ ವರ್ಜೀನಿಯಾದ ಲಿನ್‌ವಿಲ್ ಹಳ್ಳದ ಪಕ್ಕದ 250 ಎಕರೆಯನ್ನು 5,000 ಪೌಂಡ್‌ಗೆ ಮಾರಿದರು. ಮೊತ್ತ ನೋಡಿ ಬೆರಗಾಗಬೇಡಿ. ಸ್ವಾತಂತ್ರ್ಯ ಯುದ್ಧದ ಕಾಲದ ಕಾಗದದ ದುಡ್ಡು ಆಗ ನೆಲಕಚ್ಚಿತ್ತು. ಅಲ್ಲಿಂದ ಹೊರಟು ಕೆಂಟಕಿ ಸೇರಿದರು. ಮೂಲನಿವಾಸಿಗಳು ತಮ್ಮ ಬೇಟೆಯ ನೆಲಕ್ಕಾಗಿ ಹೋರಾಡುತ್ತಿದ್ದ ಜಾಗ ಅದು. 1786ರ ಮೇ ತಿಂಗಳಲ್ಲಿ ಹೊಲದಲ್ಲೇ ಗುಂಡು ಬಿತ್ತು. ಎಂಟರ ಆಸುಪಾಸಿನ ಕಿರಿಮಗ ಥಾಮಸ್ ಅಪ್ಪನ ಹೆಣದ ಪಕ್ಕ ಕೂತಿದ್ದ, ಅವನನ್ನು ಎತ್ತಿಕೊಂಡು ಹೋಗಲು ಬಂದವನನ್ನು ಅಣ್ಣ ಮಾರ್ಡೆಕಾಯ್ ಮನೆಯೊಳಗಿಂದ ಗುಂಡಿಟ್ಟು ಕೊಂದ. ಮನೆಯಲ್ಲಿ ಹೇಳುತ್ತಿದ್ದ ಕಥೆ ಇದು.

ಮನೆಯ ನೆನಪು ಅಲ್ಲಿಗೆ ನಿಲ್ಲುತ್ತೆ. ಹಿಂದಿನದು ಗೊತ್ತಿದ್ದ ಮನುಷ್ಯ ಹೋಗಿಬಿಟ್ಟ, ಎಂಟು ವರ್ಷದ ಹುಡುಗನಿಗೆ ವಂಶಾವಳಿ ಬಾಯಿಪಾಠ ಇರುತ್ತಾ?

ಮುಂದೆ ಹುಡುಕುವವರಿಗೆ ಎದುರಾದದ್ದು ಹೆಸರುಗಳ ಗೋಜಲು. ತಾತ ಅಬ್ರಹಾಂ, ಮೊಮ್ಮಗ ಅಬ್ರಹಾಂ. ಅಣ್ಣ ಮಾರ್ಡೆಕಾಯ್, ಮೂರು ತಲೆಮಾರು ಹಿಂದೆ ಹೋದರೆ ಅಲ್ಲೂ ಒಬ್ಬ ಮಾರ್ಡೆಕಾಯ್, ಅವರಪ್ಪನೂ ಮಾರ್ಡೆಕಾಯ್! ಸಾಲದ್ದಕ್ಕೆ ಕಾಗುಣಿತ ಬೇರೆ. ಕೆಂಟಕಿಯ ಜಮೀನು ಕಾಗದದಲ್ಲಿ ತಾತನ ಹೆಸರು 'ಅಬ್ರಹಾಂ ಲಿಂಕ್‌ಹಾರ್ನ್' ಅಂತಿದೆ. ಗುಮಾಸ್ತರ ಕಿವಿಗೆ ಬಿದ್ದದ್ದೇ ಸ್ಪೆಲ್ಲಿಂಗ್. ಸಾಫ್ಟ್‌ವೇರ್‌ನಲ್ಲಿರುವ ನಮಗೆ ಇದು ಹಳೇ ತಲೆನೋವು. ಎರಡು ಟೇಬಲ್‌ಗಳನ್ನು ಬರೀ ಹೆಸರಿನ ಮೇಲೆ ಜಾಯಿನ್ ಮಾಡಿ ಒಮ್ಮೆ ನೋಡಿದವರು ಮತ್ತೆ ಆ ಕೆಲಸಕ್ಕೆ ಕೈ ಹಾಕಲ್ಲ. ಹೆಸರು ಹೊಂದಿತು ಅಂತ ಲಿಂಕನ್ ಸುಮ್ಮನೆ ಒಪ್ಪಿಕೊಳ್ಳದೇ ಇದ್ದದ್ದು ನನಗೆ ತುಂಬಾ ಇಷ್ಟವಾದ ಸಂಗತಿ. ಹಿಂಗಮ್‌ನ ಲಿಂಕನ್ನರು ಆಗಲೇ ಹೆಸರುವಾಸಿ, ಅವರಲ್ಲಿ ಗವರ್ನರ್ ಆದವರೂ ಇದ್ದರು. 'ನಾವೂ ಅವರ ಪೈಕಿನೇ' ಅಂದಿದ್ದರೆ ಚುನಾವಣೆಯಲ್ಲಿ ನಷ್ಟವೇನೂ ಆಗುತ್ತಿರಲಿಲ್ಲ.

ಹಾಗಾದರೆ ಗಂಟು ಬಿಚ್ಚಿದ್ದು ಹೇಗೆ? ಜಮೀನಿನಿಂದ.

ಪೆನ್ಸಿಲ್ವೇನಿಯಾದಲ್ಲಿ 1736ರಲ್ಲಿ ತೀರಿಕೊಂಡ ಮಾರ್ಡೆಕಾಯ್ ಲಿಂಕನ್ ಎಂಬುವರ ಉಯಿಲು ಇದೆ. ಅದರಲ್ಲಿ ಜಾನ್ ಎಂಬ ಮಗನಿಗೆ ಪೆನ್ಸಿಲ್ವೇನಿಯಾದ ಆಸ್ತಿ ಅಲ್ಲ, ದೂರದ ನ್ಯೂಜೆರ್ಸಿಯಲ್ಲಿದ್ದ 300 ಎಕರೆ ಬರೆದಿದ್ದಾರೆ. ಇದೊಂದು ಕಾಗದ. ಎರಡನೇದು 1748ರ ಕ್ರಯಪತ್ರ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ನೇಕಾರ 'ಜಾನ್ ಲಿಂಕಾನ್' ನ್ಯೂಜೆರ್ಸಿಯ 300 ಎಕರೆ ಮಾರುತ್ತಿದ್ದಾರೆ, ಆ ಭೂಮಿ ಮೊದಲು ತಮ್ಮ ತಂದೆ ಮಾರ್ಡೆಕಾಯ್ ಅವರದ್ದಾಗಿತ್ತು ಎಂದು ಅದರಲ್ಲೇ ಬರೆಸಿದ್ದಾರೆ. ಜಾನ್‌ಗಳು ಸಾವಿರ ಇರಬಹುದು. ಆದರೆ ಮಾರ್ಡೆಕಾಯ್‌ನ ಅದೇ 300 ಎಕರೆಯನ್ನು ಮಾರುವ ಹಕ್ಕಿದ್ದ ಜಾನ್ ಒಬ್ಬರೇ. ಹೆಸರು ಮಾಡಲಾಗದ ಕೆಲಸವನ್ನು ಆ ನೆಲದ ತುಂಡು ಮಾಡಿತು.

ಮುಂದಿನ ಕೊಂಡಿಗಳೂ ಇದೇ ಥರದವು. 1768ರಲ್ಲಿ ಜಾನ್ ವರ್ಜೀನಿಯಾದ ಲಿನ್‌ವಿಲ್ ಹಳ್ಳದ ಹತ್ತಿರ 600 ಎಕರೆ ಕೊಂಡರು. 1773ರಲ್ಲಿ ಅದರಲ್ಲಿ 210 ಎಕರೆಯನ್ನು ಮಗ ಅಬ್ರಹಾಂಗೆ ಬರೆದುಕೊಟ್ಟರು, ಬೆಲೆ ಬರೀ ಐದು ಶಿಲ್ಲಿಂಗ್. ಹೊರಗಿನವರಿಗೆ ಯಾರಾದರೂ ಆ ದರಕ್ಕೆ ಜಮೀನು ಕೊಡುತ್ತಾರಾ? ಆ ಅಬ್ರಹಾಮೇ ಮುಂದೆ ಕೆಂಟಕಿಗೆ ಹೋದ ಕ್ಯಾಪ್ಟನ್. ಅಂದರೆ ಲಿಂಕನ್‌ಗೆ ಹೆಸರೇ ಗೊತ್ತಿರದಿದ್ದ ಮುತ್ತಜ್ಜ ಈ ನೇಕಾರ ಜಾನ್. ಸ್ಯಾಮ್ಯುಯೆಲ್ ಶಾಕ್‌ಫರ್ಡ್ ಎಂಬುವರು ಈ ಕಾಗದಗಳನ್ನೆಲ್ಲ ಒಂದಕ್ಕೊಂದು ಹೊಂದಿಸಿ 1887ರಲ್ಲಿ ಪ್ರಕಟಿಸಿದರು. ಅಧ್ಯಕ್ಷರು ಸತ್ತು ಆಗಲೇ 22 ವರ್ಷ. ಜಾನ್ ಅವರ ಅಪ್ಪ ಮಾರ್ಡೆಕಾಯ್ ಹುಟ್ಟಿದ್ದು ಹಿಂಗಮ್‌ನಲ್ಲೇ. ಮೂಲಪುರುಷ ಸ್ಯಾಮ್ಯುಯೆಲ್ ಲಿಂಕನ್ ಇಂಗ್ಲೆಂಡಿನ ನಾರ್ಫೋಕ್‌ನಿಂದ 1637ರಲ್ಲಿ ಬಂದವರು. 1848ರಲ್ಲಿ ಪತ್ರ ಹೋಗಿದ್ದು ಸರಿಯಾದ ಊರಿಗೇ!

ಇಷ್ಟು ವಂಶಾವಳಿ ಕಟ್ಟಿ ಏನು ಪ್ರಯೋಜನ ಅಂತ ಕೇಳಬಹುದು. ಲಿಂಕನ್ ಮನೆಯ ವಿಷಯದಲ್ಲಿ ಅದು ಬರೀ ಕುತೂಹಲವಾಗಿ ಉಳಿದಿರಲಿಲ್ಲ. ಅಪ್ಪ ಥಾಮಸ್, ಅಮ್ಮ ನ್ಯಾನ್ಸಿ ಹ್ಯಾಂಕ್ಸ್ ಮದುವೆಯೇ ಆಗಿರಲಿಲ್ಲ ಅಂತ ವಿರೋಧಿಗಳು ಗುಸುಗುಸು ಹಬ್ಬಿಸಿದ್ದರು. ಹಾರ್ಡಿನ್ ಕೌಂಟಿಯ ಕಚೇರಿಯಲ್ಲಿ ಥಾಮಸ್ ಅವರ 1819ರ ಎರಡನೇ ಮದುವೆಯ ದಾಖಲೆ ಸಿಕ್ಕಿತೇ ಹೊರತು ಮೊದಲನೆಯದ್ದು ಸಿಗಲಿಲ್ಲ. ದಾಖಲೆ ಇಲ್ಲ ಅಂದ್ರೆ ಮದುವೆನೇ ಇಲ್ಲ, ಜನರ ಲೆಕ್ಕ ಅಷ್ಟೇ. ನಿಜವಾಗಿ ಅದು ಇದ್ದದ್ದು ವಾಷಿಂಗ್ಟನ್ ಕೌಂಟಿಯ ಕಚೇರಿಯಲ್ಲಿ. 1806ರ ಜೂನ್ 10ರ ಮದುವೆ ಮುಚ್ಚಳಿಕೆ, ಜೂನ್ 12ಕ್ಕೆ ಮದುವೆ ಮಾಡಿಸಿದ ಪಾದ್ರಿ ಜೆಸ್ಸಿ ಹೆಡ್ ಸಲ್ಲಿಸಿದ ವರದಿ, ಎರಡೂ. ಅದು ಬೆಳಕಿಗೆ ಬಂದದ್ದು 1870ರ ದಶಕದಲ್ಲಿ. ಲಿಂಕನ್ ಹುಟ್ಟಿದ್ದು 1809ರ ಫೆಬ್ರವರಿ 12. ಲೆಕ್ಕ ಸರಿಯಾಗೇ ಇತ್ತು, ನೋಡಲು ಅವರೇ ಇರಲಿಲ್ಲ.

ತಾಯಿಯ ಕಡೆ ಮಾತ್ರ ಕಾಗದ ಕೈಕೊಟ್ಟಿತು. ಹೆಣ್ಣುಮಕ್ಕಳ ಹೆಸರಲ್ಲಿ ಜಮೀನಿಲ್ಲ, ಹಾಗಾಗಿ ದಾಖಲೆಯೂ ಇಲ್ಲ. ನ್ಯಾನ್ಸಿಯ ತಾಯಿ ಹ್ಯಾಂಕ್ಸ್ ಮನೆಯ ಮಗಳಾ, ಶಿಪ್ಲಿ ಮನೆಯವಳಾ ಅಂತ ನೂರು ವರ್ಷಕ್ಕೂ ಹೆಚ್ಚು ಜಗಳ. 2015ರಲ್ಲಿ ತಾಯಿಯಿಂದ ಮಕ್ಕಳಿಗೆ ಮಾತ್ರ ಬರುವ ಮೈಟೊಕಾಂಡ್ರಿಯಾ ಡಿಎನ್‌ಎ ಬಳಸಿ, ಹೆಣ್ಣು ಸಾಲಿನ ವಂಶಸ್ಥರನ್ನು ಹುಡುಕಿ ಪರೀಕ್ಷಿಸಿದರು. ತೀರ ಅಪರೂಪದ 'ಎಕ್ಸ್1ಸಿ' ಗುಂಪು ಸಿಕ್ಕಿತು, ಉತ್ತರ ಹ್ಯಾಂಕ್ಸ್ ಪರವಾಗಿ ಬಂತು. ನ್ಯಾನ್ಸಿಯ ತಂದೆ ಯಾರು ಅನ್ನೋದಕ್ಕೆ ಆ ಡಿಎನ್‌ಎ ಏನೂ ಹೇಳಲ್ಲ, ಅದರ ಸ್ವಭಾವವೇ ಹಾಗೆ.

ಇನ್ನು ಥಾಮಸ್. ಹಳೇ ಜೀವನಚರಿತ್ರೆಗಳಲ್ಲಿ ಈ ಮನುಷ್ಯನಿಗೆ ಸಿಕ್ಕಿದ್ದು ಸೋಮಾರಿ, ಕೈಲಾಗದವ ಅನ್ನೋ ಬಿರುದು. ವಂಶ ಹುಡುಕಲು ಹೋದವರು ತಂದ ದಾಖಲೆಗಳಲ್ಲಿ ಬೇರೆ ಥಾಮಸ್ ಕಾಣಿಸುತ್ತಾರೆ. ತಂದೆ ಉಯಿಲು ಬರೆಯದೆ ಸತ್ತಿದ್ದರಿಂದ ಆಸ್ತಿ ಹೋದದ್ದು ಹಿರಿಮಗ ಮಾರ್ಡೆಕಾಯ್‌ಗೆ. ಕೆಂಟಕಿ ಆಗ ವರ್ಜೀನಿಯಾದ ಭಾಗ. ಹಿರಿಮಗನಿಗೇ ಎಲ್ಲ ಎಂಬ ಹಳೇ ನಿಯಮವನ್ನು ತೆಗೆದುಹಾಕಿದ ಹೊಸ ಕಾನೂನು ಅಲ್ಲಿ ಜಾರಿಗೆ ಬಂದದ್ದು 1787ರ ಜನವರಿ 1ಕ್ಕೆ. ಸಾವು 1786ರ ಮೇ. ಎಂಟು ತಿಂಗಳ ಅಂತರದಲ್ಲಿ ಥಾಮಸ್ ಪಾಲು ಕೈತಪ್ಪಿತು, ಕೂಲಿನಾಲಿ ಮಾಡುತ್ತಾ ಅಲೆದು ಬೆಳೆದರು.

ಆದರೂ 1803ರಲ್ಲಿ ಸ್ವಂತ ದುಡ್ಡಲ್ಲಿ 238 ಎಕರೆ ಕೊಂಡರು. ಮಾರುವಾಗ ಅದು 200 ಎಕರೆಯಾಗಿತ್ತು, ಮೂಲ ಸರ್ವೆಯೇ ತಪ್ಪು. 1808ರಲ್ಲಿ 200 ಡಾಲರ್ ಕೊಟ್ಟು ಇನ್ನೊಂದು ಜಮೀನು ಕೊಂಡರು, ಲಿಂಕನ್ ಹುಟ್ಟಿದ್ದು ಅಲ್ಲೇ. ಅದರ ಹಕ್ಕಿನ ಮೇಲೂ ತಕರಾರು ಬಂತು. ಮೂರನೆಯದು ನಾಬ್ ಕ್ರೀಕ್, ಅಲ್ಲಿಂದ ಒಕ್ಕಲೆಬ್ಬಿಸಲು ಕೋರ್ಟ್ ಕೇಸು. ಕೆಂಟಕಿಯಲ್ಲಿ ಚಕ್ಕುಬಂದಿ ಬರೆಯುತ್ತಿದ್ದದ್ದು ಮರ, ಬಂಡೆ, ಹಳ್ಳಗಳ ಗುರುತಿನ ಮೇಲೆ. ಮರ ಬಿದ್ದರೆ, ಹಳ್ಳ ದಿಕ್ಕು ಬದಲಿಸಿದರೆ ಗಡಿಯೂ ಹೋಯ್ತು. ಒಂದೇ ನೆಲಕ್ಕೆ ಮೂರು ನಾಲ್ಕು ಜನ ಪತ್ರ ಹಿಡಿದು ನಿಂತಿರುತ್ತಿದ್ದರು. ಇಷ್ಟೆಲ್ಲ ಆದರೂ 1814ರ ಕಂದಾಯ ಪಟ್ಟಿಯ 98 ಆಸ್ತಿವಂತರ ಸಾಲಿನಲ್ಲಿ ಥಾಮಸ್ 15ನೆಯವರು. ಸೋಮಾರಿಯ ಸ್ಥಾನ ಅಲ್ಲವಲ್ಲ ಅದು?

1816ರ ಕೊನೆಗೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಇಂಡಿಯಾನಾಕ್ಕೆ ಹೊರಟರು. ಅಲ್ಲಿ ಸರ್ಕಾರ ಚೌಕ ಚೌಕವಾಗಿ ಅಳೆದು, ನೇರವಾಗಿ ತಾನೇ ಮಾರುತ್ತಿತ್ತು. ಹಕ್ಕುಪತ್ರದ ಚಿಂತೆ ಇಲ್ಲ. ಹೊರಟದ್ದಕ್ಕೆ ಗುಲಾಮಗಿರಿಯ ಮೇಲಿನ ಬೇಸರ ಒಂದು ಕಾರಣ, ಮುಖ್ಯ ಕಾರಣ ಕೆಂಟಕಿಯ ಜಮೀನು ಹಕ್ಕುಗಳ ತಾಪತ್ರಯ ಅಂತ ಮಗನೇ 1860ರಲ್ಲಿ ಬರೆದಿದ್ದಾರೆ. ಅಪ್ಪನ ಬಗ್ಗೆ ಅವರು ಹೇಳಿದ ಮೆತ್ತಗಿನ ಮಾತುಗಳು ಕಡಿಮೆ, ಇದು ಅವುಗಳಲ್ಲೊಂದು. 1851ರ ಜನವರಿಯಲ್ಲಿ ಥಾಮಸ್ ಇಲಿನಾಯ್‌ನಲ್ಲಿ ತೀರಿಕೊಂಡಾಗ ಲಿಂಕನ್ ಮಣ್ಣಿಗೆ ಹೋಗಿರಲಿಲ್ಲ.