ನಾರ್‌ಅಡ್ರಿನಲಿನ್ ನರವನ್ನು ಸುಮ್ಮನಾಗಿಸೋದು ಹೇಗೆ?

ಗಾಬರಿಯಾದಾಗ ಎದೆ ಡವಡವ ಅನ್ನಿಸೋ ನಾರ್‌ಅಡ್ರಿನಲಿನ್,
ನರವನ್ನು ಸುಮ್ಮನಾಗಿಸುತ್ತೆ ಅಂದ್ರೆ ನಂಬ್ತೀರಾ?

ನರದ ತುದಿಗೆ ಕ್ಯಾಲ್ಸಿಯಂ ನುಗ್ಗಿದರೇನೇ ಸಂದೇಶ ಹೊರಬೀಳೋದು.
ಅಲ್ಲೇ ಆಲ್ಫಾ-2 ಗ್ರಾಹಕ ಕೂತಿರುತ್ತೆ.
ನಾರ್‌ಅಡ್ರಿನಲಿನ್ ತಗುಲಿತೋ, ಒಳಗಿನ ಜಿ-ಪ್ರೋಟೀನ್ ಎರಡಾಗುತ್ತೆ;
ಅದರ ಬೀಟಾ-ಗಾಮಾ ತುಣುಕು ಹೋಗಿ ಕ್ಯಾಲ್ಸಿಯಂ ನುಗ್ಗುವ ಬಾಗಿಲಿಗೆ, ಅಂದ್ರೆ ಕ್ಯಾಲ್ಸಿಯಂ ಚಾನಲ್‌ಗೆ ಅಂಟಿಕೊಳ್ಳುತ್ತೆ.
ಇದು ಬೀಗ ಜಡಿದಂತಲ್ಲ,
ಬಾಗಿಲನ್ನು ಒಳಗಿನಿಂದ ಯಾರೋ ಒತ್ತಿ ಹಿಡಿದ ಹಾಗೆ.
ಪುರಾವೆ? ಪ್ರಯೋಗಾಲಯದಲ್ಲಿ ಜೋರಾದ ವಿದ್ಯುತ್ ಮಿಡಿತ ಕೊಟ್ಟರೆ,
ತುಣುಕು ಕಳಚಿ ಚಾನಲ್ ಕ್ಷಣಕಾಲ ಸಲೀಸಾಗಿ ತೆರೆಯುತ್ತೆ.

ಹೃದಯದಲ್ಲಿ ಇದೇ ರಾಸಾಯನಿಕ ಕ್ಯಾಲ್ಸಿಯಂ ಹೆಚ್ಚಿಸುತ್ತಲ್ಲ, ಅಂತೀರಾ?
ನಿಜ. ಆದರೆ ಅಲ್ಲಿ ಕೆಲಸ ಮಾಡೋದು ಬೀಟಾ-1 ಗ್ರಾಹಕ. ಚಾನಲ್ಲೂ ಬೇರೆ.
ಅಂದ್ರೆ ತೀರ್ಮಾನ ಗ್ರಾಹಕದ್ದು, ರಾಸಾಯನಿಕದ್ದಲ್ಲ.
ಬಿಪಿ ಇಳಿಸೋ ಕ್ಲೋನಿಡಿನ್ ಮಾತ್ರೆ ಹೋಗಿ ತಟ್ಟೋದೂ ಇದೇ ಆಲ್ಫಾ-2 ಗ್ರಾಹಕವನ್ನೇ.