ಹಳೆ ಯುನಿಕ್ಸ್: ಮೂಗಿಗಿಂತ ಮೂಗುತಿ ಭಾರ

ಕನಕಪುರ ರಸ್ತೆಯ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಂಥ ಕಡೆ ಹತ್ತಾರು ವರ್ಷ ಹಳೆಯ ಯಂತ್ರಗಳೂ ದುಡಿಯುತ್ತಿರುತ್ತವೆ. ಕಂಪ್ಯೂಟರಿನ ಮಾತೂ ಅಷ್ಟೆ. ತೊಂಬತ್ತರ ದಶಕದ ಯುನಿಕ್ಸ್ ಯಂತ್ರವೊಂದು ಇನ್ನೂ ತಪ್ಪಿಲ್ಲದೆ ಸ್ಟಾಕಿನ ಲೆಕ್ಕ ಇಡುತ್ತಿದ್ದರೆ ಅದನ್ನು ಗುಜರಿಗೆ ಹಾಕಲು ಯಾವ ಮಾಲೀಕರಿಗೆ ಮನಸ್ಸು ಬಂದೀತು? ಆಫೀಸಿನ ಹೊಸ ವಿಂಡೋಸ್ ಕಂಪ್ಯೂಟರುಗಳಿಗೆ ಅದನ್ನು ಜೋಡಿಸಲು ಎಷ್ಟಾಗುತ್ತದೆ ಎಂದಷ್ಟೇ ಕೇಳುತ್ತಾರೆ.

ತಂತ್ರಾಂಶಕ್ಕೆ ದುಡ್ಡೇನೂ ಆಗುವುದಿಲ್ಲ. ಹಿಂದೆ ಕೆಲವು ಯುನಿಕ್ಸ್‌ಗಳಲ್ಲಿ ನೆಟ್‌ವರ್ಕಿನ ಭಾಗಕ್ಕೆ ಪ್ರತ್ಯೇಕ ದುಡ್ಡು ತೆರಬೇಕಿತ್ತು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1992ರಲ್ಲಿ ಹೊರತಂದ, ಯುನಿಕ್ಸಿನ ಫೈಲುಗಳನ್ನು ವಿಂಡೋಸ್‌ಗೆ ಕಾಣಿಸುವ ಸಾಂಬಾ ತಂತ್ರಾಂಶವಾದರೋ ಇಂದಿಗೂ ಪುಕ್ಕಟೆ. ಖರ್ಚು ಶುರುವಾಗುವುದು ಅದನ್ನು ಹಾಕಿದ ಮೇಲೆ.

ಹಳೆ ಯಂತ್ರದಲ್ಲಿ ಓಡುವುದು ಹಳೆ ಸಾಂಬಾ. ಅದಕ್ಕೆ ಗೊತ್ತಿರುವುದು ಎಸ್‌ಎಂಬಿ-1 ಎಂಬ ಹಳೆಯ ಸಂವಹನ ಕ್ರಮ ಮಾತ್ರ. 2017ರ ಅಕ್ಟೋಬರಿನಿಂದ ವಿಂಡೋಸ್‌ನ ಹೊಸ ಆವೃತ್ತಿಗಳು ಅದನ್ನು ತಾವಾಗಿ ಅಳವಡಿಸುವುದನ್ನು ನಿಲ್ಲಿಸುತ್ತ ಬಂದವು. ಫೈಲು ತೆರೆಯಲಿಲ್ಲವೆಂದು ಟೆಕ್ನಿಷಿಯನ್ ಅದನ್ನೇ ಮತ್ತೆ ಆನ್ ಮಾಡಿ ಹೋಗುತ್ತಾನೆ. 2017ರ ಮೇ 12ರಂದು ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಕುತಂತ್ರಾಂಶ ನುಗ್ಗಿದ್ದು ವಿಂಡೋಸ್‌ನ ಇದೇ ಎಸ್‌ಎಂಬಿ-1ರಲ್ಲಿದ್ದ ದೋಷದಿಂದ. ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಕೆಟ್ಟವು. ಮರುತಿಂಗಳು ಅದರಿಂದಲೇ ಜಪಾನಿನ ಸಯಾಮಾದಲ್ಲಿ ಹೋಂಡಾ ಕಾರ್ಖಾನೆಯೇ ನಿಂತಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ತಯಾರಕರು ಕೈಬಿಟ್ಟ ಯುನಿಕ್ಸ್‌ಗೆ ತೇಪೆ ಕೊಡುವವರು ಯಾರು? ಎಚ್‌ಪಿ ಕಂಪನಿಯ ಯುನಿಕ್ಸ್ ಆದ ಎಚ್‌ಪಿ-ಯುಎಕ್ಸ್‌ನ ಕೊನೆಯ ಆವೃತ್ತಿಗೂ 2025ರ ಡಿಸೆಂಬರ್ 31ಕ್ಕೆ ಮಾಮೂಲಿ ಬೆಂಬಲ ಮುಗಿಯಿತು.

ಇನ್ನು ದೂರದಿಂದ ಯಂತ್ರಕ್ಕೆ ಲಾಗಿನ್ ಆಗಲು ಹಳೆ ಯುನಿಕ್ಸ್ ಬಳಸುವ ಟೆಲ್ನೆಟ್. ಅದರಲ್ಲಿ ಪಾಸ್‌ವರ್ಡ್ ಯಾವ ಮುಸುಕೂ ಇಲ್ಲದೆ ತಂತಿಯಲ್ಲಿ ಹರಿಯುತ್ತದೆ; ನಡುವೆ ಕದ್ದು ನೋಡುವವನಿಗೆ ಅಕ್ಷರ ಅಕ್ಷರವೂ ಕಾಣುತ್ತದೆ. ಇದಕ್ಕೆ ಮದ್ದಾಗಿ 1995ರಲ್ಲೇ ಎಸ್‌ಎಸ್‌ಎಚ್ ಬಂತು. ಆದರೆ ಅದರ ಬಹುಬಳಕೆಯ ರೂಪವಾದ, 2021ರ ನಂತರದ ಓಪನ್‌ಎಸ್‌ಎಸ್‌ಎಚ್ ಹಳೆ ಯಂತ್ರದ ಸಹಿ ವಿಧಾನವನ್ನು ತಾನಾಗಿ ಒಪ್ಪದು; ಒಪ್ಪಿಸಬೇಕೆಂದರೆ ಭದ್ರತೆಯನ್ನೇ ಸಡಿಲಿಸಬೇಕು.

ಗಡಿಯಾರದ ಗಂಡಾಂತರಕ್ಕಂತೂ ದಿನ ಗೊತ್ತಾಗಿದೆ. ಹಳೆ ಯುನಿಕ್ಸ್ 1970ರ ಜನವರಿ 1ರಿಂದ ಸೆಕೆಂಡುಗಳನ್ನು 32 ಬಿಟ್‌ನಲ್ಲಿ ಎಣಿಸುತ್ತದೆ. 2038ರ ಜನವರಿ 19, ಮಂಗಳವಾರ, ನಮ್ಮ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಎಣಿಕೆ ತುಂಬುತ್ತದೆ. ಮರುಸೆಕೆಂಡಿಗೆ ಅದು 1901ರ ಡಿಸೆಂಬರಿಗೆ ಜಿಗಿಯುತ್ತದೆ. ನೆಟ್‌ವರ್ಕಿನಲ್ಲಿ ಸಮಯ ಹೊಂದಿಸುವ ಎನ್‌ಟಿಪಿಯ ಎಣಿಕೆ ಅದಕ್ಕೂ ಮೊದಲೇ, 2036ರ ಫೆಬ್ರುವರಿ 7ಕ್ಕೆ, ಸೊನ್ನೆಗೆ ಮರಳುತ್ತದೆ. ಅಲ್ಲಿಯವರೆಗೆ ಚಿಂತೆಯಿಲ್ಲ ಎನ್ನುವಂತಿಲ್ಲ: ನೂರು ಕೋಟಿ ಸೆಕೆಂಡು ಮುಂದಿನ ಸಮಯವನ್ನು ಲೆಕ್ಕ ಹಾಕಹೊರಟ ಎಒಎಲ್‌ಸರ್ವರ್ ತಂತ್ರಾಂಶ 2006ರ ಮೇನಲ್ಲೇ ಕುಸಿದಿತ್ತು.

ನೆಟ್‌ವರ್ಕಿಗೆ ಸೇರಿದ ಮೇಲೆ ಕಾನೂನಿನ ಹೊರೆಯೂ ಇದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೈಬರ್ ದಾಳಿಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಯಂತ್ರದ ಚಟುವಟಿಕೆಯ ದಾಖಲೆಗಳಾದ ಲಾಗ್‌ಗಳನ್ನು 180 ದಿನ ಕಾಪಿಡಬೇಕು.

ಆದ್ದರಿಂದ ಹಳೆ ಯಂತ್ರವನ್ನು ಆಫೀಸಿನ ನೆಟ್‌ವರ್ಕಿಗೆ ನೇರ ಸಿಕ್ಕಿಸಬೇಡಿ. ನಡುವೆ ಹೊಸ ಲಿನಕ್ಸ್ ಪೆಟ್ಟಿಗೆಯೊಂದನ್ನಿಟ್ಟು, ಬೇಕಾದ ಫೈಲುಗಳಷ್ಟೇ ಅದರ ಮೂಲಕ ದಾಟಲಿ. ಡಿಸ್ಕಿನ ನಕಲು ತೆಗೆದು, ನಕಲಿನ ಮೇಲೆಯೇ ದಿನಾಂಕವನ್ನು 2038ಕ್ಕೆ ತಿರುಗಿಸಿ ಪರೀಕ್ಷಿಸಿ. ಕೊಟೇಶನ್ನಿನಲ್ಲಿ ತಂತ್ರಾಂಶದ ಬೆಲೆ ಸೊನ್ನೆ ಎಂದಿದ್ದರೆ ಸಹಿ ಹಾಕುವ ಮುನ್ನ ಎರಡು ಮೊತ್ತ ಬರೆಸಿಕೊಳ್ಳಿ: ಕಾರ್ಖಾನೆ ಒಂದು ದಿನ ನಿಂತರೆ ಆಗುವ ನಷ್ಟ, ಲೆಕ್ಕವನ್ನು ಹೊಸ ಯಂತ್ರಕ್ಕೆ ಸಾಗಿಸುವ ಖರ್ಚು.