ಶೋರೂಮಿಗೋ, ಗ್ಯಾರೇಜಿಗೋ? ಗಾಡಿ ಸರ್ವೀಸಿನ ಲೆಕ್ಕಾಚಾರ

ಅಶೋಕ ಸಿದ್ದಾಪುರದಲ್ಲಿ ಎರಡು ಸಾವಿರ ವರ್ಷ ದಾಟಿದ ಶಾಸನವಿದೆ; ಕಾರಿನ ಶೋರೂಂ ಇಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬಹುಪಾಲು ಊರುಗಳ ಪಾಡು ಇದೇ. ಕಂಪನಿ ಸರ್ವೀಸ್ ಬೇಕೆಂದರೆ ಗಾಡಿ ಯಾವ ಕಂಪನಿಯದು ಎಂಬುದನ್ನು ನೋಡಿಕೊಂಡು ಚಳ್ಳಕೆರೆ, ಚಿತ್ರದುರ್ಗ ಇಲ್ಲವೇ ಬಳ್ಳಾರಿಯ ದಾರಿ ಹಿಡಿಯಬೇಕು. ಹೋಗಿಬರುವ ಡೀಸೆಲ್ಲು, ಒಂದು ದಿನದ ದುಡಿಮೆ, ಅದರ ಮೇಲೆ ಸರ್ವೀಸ್ ಬಿಲ್ಲು. ಹೆದ್ದಾರಿ 150ಎ ಬದಿಯ ಗ್ಯಾರೇಜಿನಲ್ಲಾದರೆ ಆಯಿಲ್ ಬದಲಾವಣೆ ಚಹಾ ಕುಡಿದು ಮುಗಿಸುವಷ್ಟರಲ್ಲಿ ಅರ್ಧ ಆಗಿರುತ್ತದೆ.

ಹಾಗಾದರೆ ಯಾವುದು ಸರಿ? ಬೆಂಗಳೂರಿನಲ್ಲಿ ಕೋಟಿ ರೂಪಾಯಿಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಗೂ, ಸಿದ್ದಾಪುರದಲ್ಲಿ ಬೊಲೆರೊ ಇಟ್ಟುಕೊಂಡವರಿಗೂ ಇದು ಒಂದೇ ಪ್ರಶ್ನೆ. ಉತ್ತರವೂ ಹೆಚ್ಚು ಕಡಿಮೆ ಒಂದೇ. ‘ಶೋರೂಂ ಮೋಸ’, ‘ಗ್ಯಾರೇಜ್ ಡೇಂಜರ್’ ಎಂಬ ಕಟ್ಟೆ ಮಾತು ಬಿಟ್ಟು ಮೂರು ಸಂಗತಿ ನೋಡಬೇಕು: ಗಾಡಿಯ ವಯಸ್ಸೆಷ್ಟು, ಮಾಡಿಸುವ ಕೆಲಸ ಯಾವುದು, ಕೈಗೆ ಕಾಗದ ಸಿಗುತ್ತದೆಯೇ.

ವಾರಂಟಿ ಇರುವಷ್ಟು ದಿನ

ಮಾರುತಿ 2024ರ ಜುಲೈನಲ್ಲಿ ತನ್ನ ವಾರಂಟಿಯನ್ನು ಎರಡು ವರ್ಷ ಅಥವಾ 40,000 ಕಿ.ಮೀ.ನಿಂದ ಮೂರು ವರ್ಷ ಅಥವಾ ಒಂದು ಲಕ್ಷ ಕಿ.ಮೀ.ಗೆ ಏರಿಸಿತು. ವರ್ಷ, ಕಿಲೋಮೀಟರ್ ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ಈ ಅವಧಿಯಲ್ಲಿ ಎಷ್ಟೇ ದೂರವಾದರೂ ಅಧಿಕೃತ ಸರ್ವೀಸ್ ಸೆಂಟರಿಗೆ ಹೋಗುವುದೇ ಲಾಭ. ಗೇರ್ ಬಾಕ್ಸೋ ಟರ್ಬೋ ಕೈಕೊಟ್ಟರೆ ಬರುವ ಖರ್ಚಿನ ಮುಂದೆ ಓಡಾಟದ ಡೀಸೆಲ್ ಲೆಕ್ಕಕ್ಕೇ ಇಲ್ಲ. ಆದರೆ ‘ಫ್ರೀ ಸರ್ವೀಸ್’ ಎಂದರೆ ಕೂಲಿ ಮಾತ್ರ ಫ್ರೀ. ಆಯಿಲ್ಲು, ಫಿಲ್ಟರುಗಳಿಗೆ ಹಣ ಕೊಡಲೇಬೇಕು.

ಹೊರಗಡೆ ಮುಟ್ಟಿಸಿದರೆ ವಾರಂಟಿಯೇ ಹೋಗುತ್ತದೆಯೇ? ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿದ್ದು ಇಂಥ ವಿಚಾರಕ್ಕೇ. ಬಿಡಿಭಾಗ ಮತ್ತು ದೋಷ ಪತ್ತೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೂ ಸಿಗುವಂತೆ ಮಾಡಬೇಕು, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಮಾಡುವ ಷರತ್ತು ಹಾಕಬಾರದು ಎಂದು ಆಯೋಗ ಹೇಳಿತು. ಹೊರಗಿನವರ ಕೆಟ್ಟ ಕೆಲಸದಿಂದಲೇ ಆದ ಹಾನಿಯಾದರೆ ಮಾತ್ರ, ಆ ಹಾನಿಯ ಮಟ್ಟಿಗೆ ಕಂಪನಿ ಕೈತೊಳೆದುಕೊಳ್ಳಬಹುದು. ಕಂಪನಿಗಳು ಮೇಲ್ಮನವಿಗೆ ಹೋದವು. ಇತ್ತ 2022ರ ಡಿಸೆಂಬರ್ 24ರಂದು ಕೇಂದ್ರ ಸರ್ಕಾರ ‘ರೈಟ್ ಟು ರಿಪೇರ್’ (ದುರಸ್ತಿಯ ಹಕ್ಕು) ಪೋರ್ಟಲ್ ಆರಂಭಿಸಿತು; ಅದರಲ್ಲಿ ವಾಹನ ಕ್ಷೇತ್ರವೂ ಸೇರಿದೆ.

ಹಕ್ಕು ನಮ್ಮ ಕಡೆಗಿದೆ, ನಿಜ. ಆದರೆ ಬಳ್ಳಾರಿಯ ಸರ್ವೀಸ್ ಕೌಂಟರಿನ ಮುಂದೆ ನಿಂತು ಆಯೋಗದ ಆದೇಶ ಓದಿ ಹೇಳುವುದಕ್ಕಿಂತ, ಸ್ಟ್ಯಾಂಪ್ ಬಿದ್ದ ಸರ್ವೀಸ್ ಪುಸ್ತಕ ಮುಂದಿಡುವುದು ಸುಲಭ. ಪಂಕ್ಚರ್, ಟೈರ್, ಬ್ಯಾಟರಿ, ಬಲ್ಬು, ವೈಪರಿನಂಥ ಸಣ್ಣ ಕೆಲಸಗಳನ್ನು ವಾರಂಟಿ ಇದ್ದಾಗಲೂ ಊರಲ್ಲೇ ಮಾಡಿಸಬಹುದು. ವೈರಿಂಗ್ ಕತ್ತರಿಸಿ ಹಾರ್ನು, ಲೈಟು ಜೋಡಿಸುವುದು ಮಾತ್ರ ಬೇಡ. ಕಂಪನಿಯವರು ಮೊದಲು ಹುಡುಕುವುದೇ ಅದನ್ನು.

ಟ್ರ್ಯಾಕ್ಟರಿನ ಲೆಕ್ಕ ಕಿಲೋಮೀಟರಿನಲ್ಲಲ್ಲ, ಗಂಟೆಯಲ್ಲಿ. ಸಾಮಾನ್ಯವಾಗಿ ಮೊದಲ ಸರ್ವೀಸ್ ಸುಮಾರು 50 ಗಂಟೆಗೆ ಬರುತ್ತದೆ. ಬಿತ್ತನೆ ಗಡಿಬಿಡಿಯಲ್ಲಿ ಅದನ್ನು ಮುಂದಕ್ಕೆ ಹಾಕುವವರು ವಾರಂಟಿಯನ್ನೂ ಹಿಂದಕ್ಕೆ ಬಿಟ್ಟಂತೆ.

ಶೋರೂಂ ಬಿಲ್ಲು ಉಬ್ಬುವ ಬಗೆ

ಡೀಲರಿಗೆ ಹೊಸ ಗಾಡಿ ಮಾರಿ ಸಿಗುವ ಲಾಭ ಕಡಿಮೆ. ವರ್ಕ್‌ಶಾಪೇ ಆತನ ಅನ್ನ. ಅಲ್ಲಿ ನಿಮ್ಮ ಜೊತೆ ಮಾತಾಡುವುದು ಸರ್ವೀಸ್ ಅಡ್ವೈಸರ್, ಗಾಡಿ ಬಿಚ್ಚುವುದು ಇನ್ನೊಬ್ಬ. ಅಡ್ವೈಸರ್ ತಲೆಯ ಮೇಲೆ ಮಾರಾಟದ ಗುರಿ ಕೂತಿರುತ್ತದೆ. ಇಂಜಿನ್ ಫ್ಲಶ್, ಎಸಿ ಕ್ಲೀನಿಂಗ್, ಅಂಡರ್‌ಬಾಡಿ ಕೋಟಿಂಗ್, ಇಂಜಿನ್ ಡ್ರೆಸ್ಸಿಂಗ್ ಎಲ್ಲ ಬಿಲ್ಲಿಗೆ ಸೇರುವುದು ಹಾಗೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಯಾವ ಕಿಲೋಮೀಟರಿಗೆ ಏನು ಬದಲಾಯಿಸಬೇಕು ಎಂಬ ಪಟ್ಟಿ ಇರುತ್ತದೆ. ಅದನ್ನು ತೋರಿಸಿ ‘ಇದರಲ್ಲಿ ಇರುವುದಷ್ಟೇ ಮಾಡಿ, ಬೇರೆ ಏನಾದರೂ ಇದ್ದರೆ ಫೋನ್ ಮಾಡಿ ಕೇಳಿ’ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ. ಜಗಳವೂ ಇಲ್ಲ, ಅನಗತ್ಯ ಖರ್ಚೂ ಇಲ್ಲ.

ಶೋರೂಮಿಗೇ ಹೋಗಬೇಕಾದ ಕೆಲಸಗಳೂ ಇವೆ. ಕಂಪನಿಯೇ ತಪ್ಪು ಒಪ್ಪಿಕೊಂಡು ಗಾಡಿಗಳನ್ನು ವಾಪಸ್ ಕರೆದಾಗ, ಅಂದರೆ ರೀಕಾಲ್ ಆದಾಗ, ದುರಸ್ತಿ ಉಚಿತ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರೀಕಾಲ್ ನಿಯಮಗಳು ಏಳು ವರ್ಷದೊಳಗಿನ ಗಾಡಿಗಳಿಗೆ ಅನ್ವಯಿಸುತ್ತವೆ. ವಾರಂಟಿ ಮುಗಿದು ಗ್ಯಾರೇಜಿಗೆ ಒಗ್ಗಿಕೊಂಡವರೂ ಆಗಾಗ ಚಾಸಿಸ್ ನಂಬರ್ ಕೊಟ್ಟು ವಿಚಾರಿಸಬೇಕು. ಕೀ ಪ್ರೋಗ್ರಾಮಿಂಗ್, ಏರ್‌ಬ್ಯಾಗ್, ಸಾಫ್ಟ್‌ವೇರ್ ಬದಲಾವಣೆ, ಕ್ಯಾಶ್‌ಲೆಸ್ ವಿಮೆಯ ದೊಡ್ಡ ಆ್ಯಕ್ಸಿಡೆಂಟ್ ಕೆಲಸ ಇವೂ ಅಲ್ಲೇ ಸಲೀಸು.

ಗ್ಯಾರೇಜಿನ ಬಲ

ವಾರಂಟಿ ಮುಗಿದ ಮೇಲೆ ಲೆಕ್ಕ ತಿರುಗುತ್ತದೆ. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್, ಕ್ಲಚ್, ಸಸ್ಪೆನ್ಷನ್ ಕೆಲಸಗಳನ್ನು ಒಳ್ಳೆಯ ಗ್ಯಾರೇಜ್ ಅಷ್ಟೇ ಚೆನ್ನಾಗಿ, ಕಡಿಮೆ ಕೂಲಿಗೆ ಮಾಡುತ್ತದೆ. ಬಿಡಿಭಾಗಗಳಲ್ಲಿ ಬಹುಪಾಲನ್ನು ಕಾರು ಕಂಪನಿಗಳು ಸ್ವತಃ ತಯಾರಿಸುವುದಿಲ್ಲ. ಬೆಂಗಳೂರಿನ ಆಡುಗೋಡಿಯ ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಹಳೆಯ ಮೇಸ್ತ್ರಿಗಳ ಬಾಯಲ್ಲಿ ಡೀಸೆಲ್ ಪಂಪು ಇವತ್ತಿಗೂ ‘ಮೈಕೋ ಪಂಪೇ’. ಇಂಥ ತಯಾರಕರ ಮಾಲು ಕಾರು ಕಂಪನಿಯ ಡಬ್ಬಿಯಲ್ಲೂ ಬರುತ್ತದೆ, ತನ್ನದೇ ಹೆಸರಿನ ಡಬ್ಬಿಯಲ್ಲೂ ಬರುತ್ತದೆ. ಎರಡನೆಯದು ಸಾಮಾನ್ಯವಾಗಿ ಅಗ್ಗ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕಂಪನಿ ಮಾಲು, ತಯಾರಕರ ಮಾಲು, ನಕಲಿ ಮಾಲು ಮೂರೂ ಅಕ್ಕಪಕ್ಕದಲ್ಲೇ ಇರುತ್ತವೆ. ಡಬ್ಬಿ ಮೇಲಿನ ಪಾರ್ಟ್ ನಂಬರ್, ಬೆಲೆ, ಸೀಲು ನೋಡದೆ ಕೊಳ್ಳಬಾರದು.

ನಮ್ಮ ಭಾಗದ ದೂಳು ಇನ್ನೊಂದು ವಿಷಯ. ಚಳ್ಳಕೆರೆ, ಮೊಳಕಾಲ್ಮುರು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿವೆ. ಪುಸ್ತಕದಲ್ಲಿ ದೂಳಿನ ರಸ್ತೆಯಲ್ಲಿ ಓಡುವ ಗಾಡಿಗೆಂದೇ ಬೇರೆ ಪಟ್ಟಿ ಇರುತ್ತದೆ. ಅದನ್ನು ಓದುವವರು ಕಡಿಮೆ. ಹೊಲದ ದಾರಿಯಲ್ಲಿ ಓಡುವ ಗಾಡಿಯ ಏರ್ ಫಿಲ್ಟರ್ ಪುಸ್ತಕದ ಸಾಮಾನ್ಯ ಗಡುವಿಗಿಂತ ಎಷ್ಟು ಮೊದಲೇ ಕಟ್ಟುತ್ತದೆ ಎಂಬುದು ಇಲ್ಲಿನ ಮೆಕ್ಯಾನಿಕ್‌ಗೆ ಗೊತ್ತು. ಫಿಲ್ಟರಿಗೆ ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, ಮೆಲ್ಲಗೆ. ಹೊರಗಿನಿಂದ ಹೊಡೆದರೆ ದೂಳು ಕಾಗದದೊಳಕ್ಕೇ ನುಗ್ಗುತ್ತದೆ.

ಬಿಎಸ್6 ಡೀಸೆಲ್: ಇಲ್ಲಿ ಎಚ್ಚರ

2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್6 ಹೊಗೆ ನಿಯಮದ ಡೀಸೆಲ್ ಕಾರುಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಡಿಪಿಎಫ್ ಎನ್ನುತ್ತಾರೆ. ಸೇರಿದ ಮಸಿಯನ್ನು ಗಾಡಿಯೇ ಹೆಚ್ಚು ಬಿಸಿಯಲ್ಲಿ ಸುಟ್ಟುಕೊಳ್ಳಬೇಕು. ಮನೆಯಿಂದ ಹೊಲ, ಹೊಲದಿಂದ ಮನೆ ಎಂದಷ್ಟೇ ಓಡಿದರೆ ಆ ಬಿಸಿ ಬರುವುದೇ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್ ದೀಪ ಹತ್ತಿದರೆ ಹೆದ್ದಾರಿಗೆ ಇಳಿಸಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಬಹುತೇಕ ಸಲ ಆರುತ್ತದೆ. ಆರದಿದ್ದರೆ ಸ್ಕ್ಯಾನರ್ ಇರುವಲ್ಲಿಗೆ ಹೋಗಬೇಕು.

ಈ ಗಾಡಿಗಳಿಗೆ ಕಡಿಮೆ ಬೂದಿಯ ಆಯಿಲ್ಲೇ ಬೇಕು. ಪುಸ್ತಕದಲ್ಲಿ ಬರೆದ ದರ್ಜೆ ಬಿಟ್ಟು, ಟ್ರ್ಯಾಕ್ಟರಿಗೆ ಹಾಕುವ ಡಬ್ಬಿಯಿಂದಲೇ ಸುರಿದರೆ ಫಿಲ್ಟರ್ ಕಟ್ಟುತ್ತದೆ. ಕೆಲವು ಗಾಡಿಗಳಿಗೆ ಡೀಸೆಲ್ ಟ್ಯಾಂಕಿನ ಜೊತೆ ಡಿಇಎಫ್ (ಹೊಗೆಯ ವಿಷ ತಗ್ಗಿಸುವ ದ್ರವ) ಟ್ಯಾಂಕೂ ಇರುತ್ತದೆ. ಅದರಲ್ಲಿರುವುದು ಶೇ 32.5ರಷ್ಟು ಶುದ್ಧ ಯೂರಿಯಾ, ಉಳಿದದ್ದು ಶುದ್ಧ ನೀರು. ‘ಯೂರಿಯಾ ತಾನೆ, ಮೂಟೆ ಮನೆಯಲ್ಲೇ ಇದೆ’ ಎಂದು ಕಲಸಿ ಹಾಕಬೇಡಿ. ಹೊಲದ ಯೂರಿಯಾಕ್ಕೆ 2015ರಿಂದ ಬೇವಿನ ಲೇಪ ಕಡ್ಡಾಯ. ಆ ಎಣ್ಣೆ, ಕಲ್ಮಷ ಎಲ್ಲ ಇಂಜೆಕ್ಟರಿಗೆ ಅಂಟಿ ಇಡೀ ವ್ಯವಸ್ಥೆಯನ್ನೇ ಕೆಡಿಸುತ್ತದೆ.

ಅಗ್ಗದ ಜರ್ಮನ್ ಕಾರಿಗೆ ತಜ್ಞನೇ ಬೇಕು

ಬೆಂಗಳೂರಿನಲ್ಲಿ ಹಳೆಯದಾದ ಜರ್ಮನ್ ಕಾರು ಹೊಸ ಸಣ್ಣ ಕಾರಿನ ಬೆಲೆಗೆ ಸಿಗುತ್ತದೆ. ನಮ್ಮ ಹುಡುಗರು ಅದರ ಪಿಕಪ್‌ಗೆ ಮರುಳಾಗುವುದು ಸಹಜ. ಕಾರಿನ ಬೆಲೆ ಇಳಿದರೂ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ನೋಡಿ: ಅದರ ಹಳೆಯ ಮಾದರಿಗಳ ಏಳು ಗೇರಿನ ಡಿಎಸ್‌ಜಿ ಬಾಕ್ಸಿನಲ್ಲಿ ಎರಡು ಒಣ ಕ್ಲಚ್, ಅವನ್ನು ನಡೆಸಲು ಮೆಕಟ್ರಾನಿಕ್ ಎಂಬ ಎಲೆಕ್ಟ್ರಾನಿಕ್–ಹೈಡ್ರಾಲಿಕ್ ಘಟಕ. ಆ ಘಟಕ ಕೈಕೊಟ್ಟರೆ ಡೀಲರು ಪೂರ್ತಿ ಬದಲಿಸುವ ಮಾತಾಡಬಹುದು. ಅದನ್ನೇ ದಿನವೂ ಬಿಚ್ಚಿ ನೋಡುವ ತಜ್ಞ ಕೆಟ್ಟ ಭಾಗವನ್ನಷ್ಟೇ ದುರಸ್ತಿ ಮಾಡಬಲ್ಲ. ಸ್ವತಂತ್ರ ತಜ್ಞನ ನಿಜವಾದ ಬೆಲೆ ತಿಳಿಯುವುದು ಇಲ್ಲಿ. ಆದರೆ ಅಂಥವರು ಸಿಗುವುದು ಬೆಂಗಳೂರಿನಂಥ ಊರುಗಳಲ್ಲಿ. ಇಂಥ ಕಾರು ಕೊಳ್ಳುವ ಮುನ್ನ ತಜ್ಞನನ್ನು ಹುಡುಕಿ, ಅವನಿಂದಲೇ ಕಾರು ತಪಾಸಣೆ ಮಾಡಿಸಿ, ಆಮೇಲೆ ಹಣ ಕೊಡಿ.

ಡೀಲರ್ ಯಾವಾಗಲೂ ಇರುತ್ತಾನೆ ಎಂಬ ನಂಬಿಕೆಯೂ ಬೇಡ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆಮೇಲೂ ಜಾವಾ, ಯೆಜ್ಡಿ ಬೈಕುಗಳು ದಶಕಗಳ ಕಾಲ ಓಡಿದ್ದು ಅವನ್ನು ಬಲ್ಲ ಮೆಕ್ಯಾನಿಕ್‌ಗಳಿಂದ. ಷೆವ್ರೊಲೆ ಕಾರುಗಳ ಮಾರಾಟ ದೇಶದಲ್ಲಿ 2017ರ ಕೊನೆಗೆ ನಿಂತಿತು. ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಇಂಥ ಕಾರುಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹತ್ತಿರದಲ್ಲಿ ಬಲ್ಲ ಮೆಕ್ಯಾನಿಕ್ ಇದ್ದಾನೆಯೇ ಎಂಬುದನ್ನೇ ಮೊದಲು ವಿಚಾರಿಸಬೇಕು.

ಗ್ಯಾರೇಜನ್ನು ಪರೀಕ್ಷಿಸಿ

ಹೊಸ ಗ್ಯಾರೇಜಿಗೆ ಮೊದಲ ಸಲ ಸಣ್ಣ ಕೆಲಸ ಕೊಡಿ; ಆಯಿಲ್ ಬದಲಾವಣೆ ಸಾಕು. ಪಕ್ಕದಲ್ಲಿ ನಿಂತು ಇಷ್ಟು ನೋಡಿ:

• ಸೀಲ್ ಇರುವ ಡಬ್ಬಿಯನ್ನು ನಿಮ್ಮೆದುರೇ ಒಡೆಯುತ್ತಾನೆಯೇ? ಡಬ್ಬಿ ಮೇಲಿನ ದರ್ಜೆ ಪುಸ್ತಕದ ದರ್ಜೆಗೆ ಹೊಂದುತ್ತದೆಯೇ?

• ಆಯಿಲ್ ಇಳಿಸುವ ಬೋಲ್ಟಿಗೆ ಹೊಸ ವಾಷರ್ ಹಾಕುತ್ತಾನೆಯೇ? ಹಳೆಯದನ್ನೇ ಹಾಕಿ ಬಲವಾಗಿ ತಿರುಗಿಸಿದರೆ ಇವತ್ತು ಸೋರದಿದ್ದರೂ ಮುಂದೆ ಬೋಲ್ಟಿನ ಥ್ರೆಡ್ ಹೋಗುತ್ತದೆ.

• ಟಾರ್ಕ್ ರೆಂಚ್ ಇದೆಯೇ? ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿ, ದೋಷದ ಕೋಡನ್ನು ನಿಮಗೂ ತೋರಿಸುತ್ತಾನೆಯೇ?

• ಬಿಚ್ಚಿದ ಹಳೆಯ ಭಾಗವನ್ನು ಕೇಳದೆಯೇ ಮುಂದಿಡುತ್ತಾನೆಯೇ?

• ‘ಇದು ನನ್ನ ಕೈಲಿ ಆಗಲ್ಲ, ಶೋರೂಮಿಗೆ ಒಯ್ಯಿರಿ’ ಎನ್ನುವ ಧೈರ್ಯ ಇದೆಯೇ? ಹಾಗೆನ್ನುವ ಮೆಕ್ಯಾನಿಕ್ ಸಿಕ್ಕರೆ ಬಿಡಬೇಡಿ.

ಕೊನೆಗೆ ಬಿಲ್ ಕೇಳಿ. ದಿನಾಂಕ, ಕಿಲೋಮೀಟರ್, ಹಾಕಿದ ಭಾಗಗಳ ಹೆಸರು ಅದರಲ್ಲಿರಲಿ. ಗಾಡಿ ಮಾರುವಾಗ ಬೆಲೆ ಕೊಡಿಸುವುದೂ, ವಿವಾದವಾದರೆ ಸಾಕ್ಷಿ ಹೇಳುವುದೂ ಅದೇ ಕಾಗದ. ಶೋರೂಂ ಆಗಲಿ ಗ್ಯಾರೇಜ್ ಆಗಲಿ ಕೆಟ್ಟ ಕೆಲಸ ಮಾಡಿ ಕೈಚೆಲ್ಲಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ.

ಒಟ್ಟಿನಲ್ಲಿ, ವಾರಂಟಿ ಮುಗಿಯುವವರೆಗೆ ಶೋರೂಂ, ಮುಗಿದ ಮೇಲೆ ದಿನನಿತ್ಯದ ಕೆಲಸಕ್ಕೆ ಪರೀಕ್ಷೆಯಲ್ಲಿ ಗೆದ್ದ ಊರ ಗ್ಯಾರೇಜ್, ಗೇರ್ ಬಾಕ್ಸಿನಂಥ ದೊಡ್ಡ ಕೆಲಸಕ್ಕೆ ಆ ಮಾಡೆಲ್ ಬಲ್ಲ ತಜ್ಞ. ಮೂರು ಕಡೆಯ ಬಿಲ್ಲುಗಳನ್ನೂ ಒಂದೇ ಫೈಲಿನಲ್ಲಿ ಇಡಿ.